ಸೈಲೆನ್ಸರ್ ಮೇಲಿರಬೇಕೋ, ಬಾನೆಟ್ ಒಳಗಿರಬೇಕೋ?

ಹೋದ ವಾರ ರಾತ್ರಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ, ಊರಿನಿಂದ ತಮ್ಮನ ಫೋನು. ವಿಜಯಪುರ ಜಿಲ್ಲೆಯ ಟಿಕೋಟಾ ಕಡೆ ನಮ್ಮದೊಂದು 4 ಎಕರೆ ದ್ರಾಕ್ಷಿ ತೋಟವಿದೆ. ನಾನು ನಾಗಪುರ ಸೇರಿದ ಮೇಲೆ ಅದನ್ನು ನೋಡಿಕೊಳ್ಳುವವನು ಅವನೇ.

"ಅಣ್ಣಾ, ಸಣ್ಣ ಟ್ರ್ಯಾಕ್ಟರ್ ತಗೋಬೇಕಂತೀನಿ. ಎರಡು ನೋಡೀನಿ. ಒಂದರದ್ದು ಸೈಲೆನ್ಸರ್ ಮ್ಯಾಲ ನಿಂತೈತಿ, ಇನ್ನೊಂದರದ್ದು ಬಾನೆಟ್ ಒಳಗ ಐತಿ. ಯಾವುದು ತಗೊಳ್ಳಲಿ?"

ನನಗೆ ನಗು ಬಂತು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕೂತವನಿಗೆ ಕೇಳುವ ಪ್ರಶ್ನೆಯೇ ಇದು? ಬಡ್ಡಿ ಎಷ್ಟು, ಕಂತು ಎಷ್ಟು ಅಂದಿದ್ದರೆ ಥಟ್ಟನೆ ಹೇಳುತ್ತಿದ್ದೆ. "ನಾಳೆ ಹೇಳ್ತೀನಿ ತಮ್ಮಾ" ಅಂತ ಫೋನಿಟ್ಟೆ. ಆದರೆ ನಿದ್ದೆ ಬರಲಿಲ್ಲ ನೋಡಿ! ಎಷ್ಟೋ ಟ್ರ್ಯಾಕ್ಟರ್ ಸಾಲದ ಫೈಲುಗಳಿಗೆ ಸಹಿ ಹಾಕಿದ ಕೈ ಇದು. ಕೊಟೇಶನ್ ನೋಡಿದ್ದೇನೆ, ಮಾರ್ಜಿನ್ ಹಣ ನೋಡಿದ್ದೇನೆ, ಇಲ್ಲಿಯವರು ಸಾತ್-ಬಾರಾ ಅನ್ನುವ ಪಹಣಿ ನೋಡಿದ್ದೇನೆ, ವಿಮೆ ನೋಡಿದ್ದೇನೆ. ಹೊಗೆ ಯಾವ ಕಡೆ ಹೋಗುತ್ತದೆ ಅಂತ ಒಮ್ಮೆಯೂ ಕೇಳಿದವನಲ್ಲ.

ನಾನಿರುವುದು ಬಜಾಜ್ ನಗರದಲ್ಲಿ. ಪಕ್ಕದಲ್ಲೇ ನಮ್ಮ ವಿಶ್ವೇಶ್ವರಯ್ಯನವರ ಹೆಸರಿನ ಇಂಜಿನಿಯರಿಂಗ್ ಕಾಲೇಜು (1960ರಲ್ಲಿ ಶುರುವಾದದ್ದು, ಈಗ ವಿಎನ್‌ಐಟಿ). ಹಿಂಗಣಾ ರಸ್ತೆಗೆ ಹೋದರೆ ಮಹೀಂದ್ರ ಟ್ರ್ಯಾಕ್ಟರ್ ಕಾರ್ಖಾನೆ. ಸುತ್ತ ಕಾಟೋಲ್, ನರಖೇಡ್ ಕಡೆಗೆಲ್ಲ ಕಿತ್ತಳೆ ತೋಟಗಳು. ಇಷ್ಟೆಲ್ಲದರ ನಡುವೆ ಕೂತೂ ಈ ಪ್ರಶ್ನೆ ನನಗೆ ಹೊಳೆಯಲಿಲ್ಲವಲ್ಲ ಅನ್ನಿಸಿತು.

ಇರಲಿ, ವಿಷಯಕ್ಕೆ ಬರೋಣ.

ಮೊದಲು ಮೇಲೆ ನಿಂತ ಸೈಲೆನ್ಸರ್. ಅದು ಸುಮ್ಮನೆ ಬಂದದ್ದಲ್ಲ. ಬಯಲು ಹೊಲದಲ್ಲಿ ಹೊಗೆ ಡ್ರೈವರ್ ತಲೆಯ ಮೇಲಿಂದ ಗಾಳಿಗೆ ಹೋಗಿಬಿಡುತ್ತದೆ. ಬಿಸಿ ಬಾಯಿ, ಕಿಡಿ ಎರಡೂ ಹೊಟ್ಟು, ಒಣಹುಲ್ಲಿನಿಂದ ದೂರ. ಕೆಟ್ಟರೆ ಬಿಚ್ಚುವುದು ಸುಲಭ. ಮಳೆ ನೀರು ಒಳಗಿಳಿಯದಂತೆ ಅದರ ಬಾಯಿಗೊಂದು ಮುಚ್ಚಳ ಬೇಕು, ಅಷ್ಟೇ. ಮುಚ್ಚಳ ಮುರಿದರೆ ನಮ್ಮೂರಲ್ಲಿ ಹಳೇ ಡಬ್ಬಿ ಬೋರಲು ಹಾಕುತ್ತಾರೆ! ಜೋಳ, ಕಡಲೆ, ಹತ್ತಿ ಬೆಳೆಯುವವರಿಗೆ, ಟ್ರೇಲರ್ ಎಳೆಯುವವರಿಗೆ ಇದಕ್ಕಿಂತ ಒಳ್ಳೆಯದು ಬೇಡ. ಇದು ನನ್ನ ಅಭಿಪ್ರಾಯ.

ತೋಟದ ಲೆಕ್ಕ ಬೇರೆ. ಕಿತ್ತಳೆ ಗಿಡಗಳನ್ನು ಇಲ್ಲಿ ಸಾಮಾನ್ಯವಾಗಿ 6 ಮೀಟರಿಗೊಂದು ಹಚ್ಚುತ್ತಾರೆ, ಹೆಕ್ಟೇರಿಗೆ ಸುಮಾರು 277 ಗಿಡ. ಹಚ್ಚಿದಾಗ ಜಾಗ ಧಾರಾಳ. ಗಿಡ ದೊಡ್ಡದಾದಂತೆ ಎರಡೂ ಕಡೆಯ ಕೊಂಬೆ ಸಾಲಿನೊಳಗೆ ಚಾಚುತ್ತವೆ. ಮೇಲಿನ ಕೊಳವೆ ಕೊಂಬೆಗೆ ಬಡಿಯುತ್ತದೆ, ಕಾಯಿ ಉದುರುತ್ತದೆ, ಎಲೆ ಸುಡುತ್ತದೆ. ನಮ್ಮ ದ್ರಾಕ್ಷಿ ಚಪ್ಪರದಲ್ಲಂತೂ ತಂತಿಗೇ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ರೈತ ಏನು ಮಾಡುತ್ತಾನೆ? ವೆಲ್ಡಿಂಗ್ ಅಂಗಡಿಗೆ ಹೋಗಿ ಕೊಳವೆಯನ್ನು ಅರ್ಧಕ್ಕೆ ಕೊಯ್ಸಿಬಿಡುತ್ತಾನೆ.

ನನಗೆ ನಿದ್ದೆ ಕೆಡಿಸಿದ್ದು ಇದೇ. ಕೆಲವು ವರ್ಷದ ಹಿಂದೆ ಕಾಟೋಲ್ ಕಡೆ ಒಂದು ತೋಟಕ್ಕೆ ಸಾಲದ ತಪಾಸಣೆಗೆ ಹೋಗಿದ್ದೆ. ಸಣ್ಣ ಟ್ರ್ಯಾಕ್ಟರು, ಮೇಲಿನ ಸೈಲೆನ್ಸರ್ ಮೋಟಾಗಿ ಕೊಯ್ದಿದ್ದರು. ಅದರ ಬಾಯಿ ಸರಿಯಾಗಿ ಡ್ರೈವರ್ ಮುಖದ ಮಟ್ಟಕ್ಕೆ. ಸೀಟಿನಲ್ಲಿದ್ದವನು ಮಾಲೀಕನಲ್ಲ, ಕೂಲಿಗೆ ಬಂದ ಇಪ್ಪತ್ತರ ಹುಡುಗ. ಕಣ್ಣು ಕೆಂಪಗೆ, ಮುಖಕ್ಕೆ ಟವೆಲ್ ಸುತ್ತಿದ್ದ. ಹಿಂದೆ ಔಷಧಿ ಹೊಡೆಯುವ ಗನ್ ಹಿಡಿದ ಇಬ್ಬರು ಆ ಹೊಗೆಯಲ್ಲೇ ನಡೆದು ಬರುತ್ತಿದ್ದರು. ನಾನು ಎಂಜಿನ್ ನಂಬರು, ಚಾಸಿ ನಂಬರು ತಾಳೆ ನೋಡಿದೆ. ಮಾಲೀಕರು ಕೊಟ್ಟ ಚಹಾ ಕುಡಿದೆ. ವರದಿಯಲ್ಲಿ "ವಾಹನ ಸುಸ್ಥಿತಿಯಲ್ಲಿದೆ" ಅಂತ ಬರೆದು ಬಂದೆ. ವಾಹನ ಸುಸ್ಥಿತಿಯಲ್ಲೇ ಇತ್ತು ಬಿಡಿ. ಆ ಹುಡುಗನ ಸ್ಥಿತಿ ಬರೆಯಲು ನಮ್ಮ ಫಾರಂನಲ್ಲಿ ಕಾಲಂ ಇರಲಿಲ್ಲ.

ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಟ್ರೆಮ್-4 ಎಂಬ ಬಿಗಿ ನಿಯಮ ಬಂದಿತು, ಆದರೆ 50 ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರುಗಳಿಗೆ ಮಾತ್ರ. ತೋಟದಲ್ಲಿ ಓಡುವ 20-25 ಎಚ್‌ಪಿ ಗಾಡಿಗಳಿಗೆ ಅದು ತಟ್ಟಿಲ್ಲ. ಅಂದರೆ ಹೊಗೆ ಇದ್ದೇ ಇರುತ್ತದೆ. ಅದನ್ನು ಯಾವ ಕಡೆ ಕಳಿಸಬೇಕು ಅನ್ನುವುದಷ್ಟೇ ನಮ್ಮ ಕೈಲಿರುವುದು.

ಹಾಗಾದರೆ ಬಾನೆಟ್ ಒಳಗಿನ ಸೈಲೆನ್ಸರೇ ಸರಿಯೇ? ತೋಟಕ್ಕೆ ಸರಿ ಅಂತಲೇ ನನ್ನ ವಾದ. ಕೊಂಬೆಗೆ ತಾಗುವುದಿಲ್ಲ, ಕಣ್ಣಿಗೆ ಅಡ್ಡ ಬರುವುದಿಲ್ಲ, ತಗ್ಗು ಬಾಗಿಲಿನ ಶೆಡ್ಡಿಗೂ ಹೋಗುತ್ತದೆ. "ಮೇಲಿದ್ದರೆ ಹೊಗೆ ಮೇಲೇ ಹೋಗುತ್ತದಲ್ಲ" ಅನ್ನುವವರಿದ್ದಾರೆ. ಬಯಲಲ್ಲಿ ಹೌದು ಸ್ವಾಮಿ! ಚಪ್ಪರದ ಕೆಳಗೆ ಎಲೆಗಳೇ ಸೂರು. ಮೇಲೆ ಹೋದ ಹೊಗೆ ಅಲ್ಲೇ ಸುತ್ತಿ ಕೆಳಗೇ ಬರುತ್ತದೆ.

ಆದರೆ ಇದಕ್ಕೂ ತನ್ನದೇ ತಕರಾರುಗಳಿವೆ. ಬಾನೆಟ್ ಒಳಗೆ ಬಿಸಿ ಹೆಚ್ಚು. ಒಣ ಎಲೆ, ಕಸ ಸೇರಿಕೊಂಡರೆ ಬೆಂಕಿಯ ಭಯ, ಆಗಾಗ ತೆಗೆದು ಸ್ವಚ್ಛ ಮಾಡಬೇಕು. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸುವಂತಿಲ್ಲ. ರಿಪೇರಿಗೆ ನಾಲ್ಕು ಭಾಗ ಬಿಚ್ಚಬೇಕು. ಕೊಳವೆಯ ಬಾಯಿ ನೆಲಕ್ಕೆ ತಿರುಗಿದ್ದರೆ ಧೂಳು ಏಳುತ್ತದೆ, ಪಕ್ಕಕ್ಕೆ ತಿರುಗಿದ್ದರೆ ಕೆಳಗೆ ಜೋತ ಎಲೆ, ಕಾಯಿ ಬಾಡುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಡ್ರೈವರ್ ಮೂಗಿನಿಂದ ತಪ್ಪಿದ ಹೊಗೆ ಪಕ್ಕದಲ್ಲಿ ನಡೆಯುವವರ ಕಾಲ ಬಳಿ ಬಂದು ಮೇಲೇಳುತ್ತದೆ. ಕಳೆ ತೆಗೆಯಲು ಕೂತ ಹೆಣ್ಣುಮಕ್ಕಳಿಗಂತೂ ಅದು ನೇರ ಮುಖಕ್ಕೇ. ಮತ್ತೆ ಮೇಲಿನದಾಗಲಿ ಕೆಳಗಿನದಾಗಲಿ, ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬಾರದು. ಆ ವಿಷಗಾಳಿಯಲ್ಲಿ ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಜೀವಕ್ಕೇ ಕುತ್ತು.

ಮರುದಿನ ತಮ್ಮನಿಗೆ ಫೋನ್ ಮಾಡಿದೆ.

"ತಮ್ಮಾ, ಬಾನೆಟ್ ಒಳಗಿಂದು ತಗೋ. ಆದರ ಸಹಿ ಮಾಡೂ ಮೊದಲ ಮೂರು ಕೆಲಸ ಮಾಡು. ತೋಟದಾಗ ಎಲ್ಲಕ್ಕಿಂತ ತಗ್ಗ ಇರೂ ತಂತಿ ಎಷ್ಟು ಎತ್ತರ ಐತಿ ಅಳತಿ ತಗೋ. ಡೀಲರ್‌ಗ ಹೇಳಿ ಗಾಡಿ ತರಿಸಿ ಒಂದು ಸಾಲು ಓಡಿಸಿ ನೋಡು. ಆಮ್ಯಾಲ ನೀ ಸೀಟಿನ ಮ್ಯಾಲ ಕೂಡಬ್ಯಾಡ, ಗನ್ ಹಿಡಿಯೋರು ನಡಿಯೂ ಜಾಗಾದಾಗ ಐದು ನಿಮಿಷ ನಡದು ನೋಡು. ಹೊಗಿ ಯಾರ ಮುಖಕ್ಕ ಬರತೈತಿ ಅನ್ನೂದು ಆಗ ತಿಳಿತೈತಿ."

"ಇಷ್ಟೆಲ್ಲಾ ಮಾಡಾಕ ಡೀಲರ್ ಒಪ್ಪತಾನೇನಣ್ಣಾ?"

"ಲಕ್ಷಗಟ್ಟಲೆ ರೊಕ್ಕ ಕೊಡಾಂವ ನೀನು. ಕೇಳಾಕ ಯಾಕ ನಾಚಿಕಿ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ಅಣ್ಣಾ, ಹಳೇ ಗಾಡಿದ್ದು ನಾನೂ ಕೊಯ್ಸೀನಿ. ಔಷಧಿ ಹೊಡೆಯೋ ದಿನ ತಲಿ ನೋಯ್ತೈತಿ ಅಂತ ನಮ್ಮ ಆಳು ಅಂತಿದ್ದ. ಔಷಧಿದ್ದ ಇರಬೇಕು ಅಂತ ಸುಮ್ಮನಿದ್ದೆ."

ಆ ತಲೆನೋವು ಔಷಧಿಯದೋ ಹೊಗೆಯದೋ ನಮಗಿಬ್ಬರಿಗೂ ಗೊತ್ತಿಲ್ಲ. ಆದರೆ ಅವನು ಕೇಳಲಿಲ್ಲ, ಇಲ್ಲಿ ನಾನೂ ಕೇಳಿರಲಿಲ್ಲ. ಒಂದೇ ಮನೆಯ ಮಕ್ಕಳಲ್ಲವೇ!

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಮುಂದೂಡಿದವರೆಲ್ಲ ಈಗ ಕೊಳ್ಳುವ ಯೋಚನೆಯಲ್ಲಿದ್ದಾರೆ. ನಮ್ಮಂತೆ ಊರು ಬಿಟ್ಟು ಬಂದವರಿಗೂ "ಅಣ್ಣಾ, ಮಾರ್ಜಿನ್‌ಗೆ ಸ್ವಲ್ಪ ಕಮ್ಮಿ ಬಿದ್ದೈತಿ" ಅಂತ ಫೋನು ಬರುವ ಕಾಲ. ದುಡ್ಡು ಕಳಿಸಿ, ಬೇಡ ಅನ್ನುವುದಿಲ್ಲ. ಜೊತೆಗೆ ಈ ಪ್ರಶ್ನೆಯನ್ನೂ ಕಳಿಸಿ: ಅದರ ಹೊಗೆ ಯಾರ ಮುಖಕ್ಕೆ ಹೋಗುತ್ತದೆ? ಟ್ರ್ಯಾಕ್ಟರ್ ಕೊಳ್ಳುವವನೊಬ್ಬ, ಅದರ ಹೊಗೆ ಕುಡಿಯುವವನು ಇನ್ನೊಬ್ಬ.

ನೀವೇನಂತೀರಿ?