ನಂಜೂ ಅಲ್ಲ, ಸನ್ನಿಯೂ ಅಲ್ಲ

ಮಾಣಿಯಿಂದ ಮಡಿಕೇರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಘಟ್ಟವೇರುವುದಕ್ಕೆ ತುಸು ಮೊದಲು ಸಿಗುವ ಊರು ಕಲ್ಲುಗುಂಡಿ. ಈ ಸೀಮೆಯ ಮನೆಯೊಂದರಲ್ಲಿ ಬಾಣಂತಿಯಿದ್ದಾಳೆಂಬುದು ಅಂಗಳಕ್ಕೆ ಕಾಲಿಡುವಾಗಲೇ ತಿಳಿಯುತ್ತದೆ: ಬಚ್ಚಲ ಹಂಡೆಯಡಿಯ ಹೊಗೆ, ಕಾಯಿಸಿದ ಎಣ್ಣೆಯ ವಾಸನೆ, ಕುದಿಯುವ ಲೇಹ್ಯದ ಘಾಟು.

ಅಂಥ ಒಂದು ಮನೆಗೆ ಈಚೆಗೆ ಮಗುವನ್ನು ನೋಡಲು ಹೋಗಿದ್ದೆ. ತೊಟ್ಟಿಲ ಸುತ್ತ ನೆಂಟರು. ಮೂಗು ಯಾರದು, ಬಣ್ಣ ಯಾರದು ಎಂಬ ಚರ್ಚೆ. ಒಳಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದ ತಾಯಿ ಯಾವುದಕ್ಕೂ ತಿರುಗಲಿಲ್ಲ. ಹೊಲಿಗೆ ಹಾಕಿದಲ್ಲಿ ಉರಿಯುತ್ತದೆಂದೂ, ಮಗು ಮಲಗಿದರೂ ತನಗೆ ನಿದ್ದೆ ಬಾರದೆಂದೂ ಹೇಳಿದ್ದಳಂತೆ. “ಹೆತ್ತ ಮೇಲೆ ಅದೆಲ್ಲ ಇರುವುದೇ. ನಾವೇನು ಹೆರಲಿಲ್ಲವಾ?” ಎಂದರು ಅಜ್ಜಿ. ಮಾತಿನಲ್ಲಿ ಕಾಠಿಣ್ಯವಿರಲಿಲ್ಲ. ಮುಂಜಾವದಲ್ಲೆದ್ದು ಮೊಮ್ಮಗಳಿಗೆ ನೀರು ಕಾಯಿಸುತ್ತಿದ್ದವರೂ ಅವರೇ.

ಬಾಣಂತಿಯ ಸಂಕಟಕ್ಕೆ ನಮ್ಮ ಹಿಂದಿನವರು ಎರಡು ಹೆಸರುಗಳನ್ನು ಬಲವಾಗಿ ಬಳಸಿದರು. ಜ್ವರವೇರಿ ಮೈ ಕಾದರೆ ನಂಜು. ಬುದ್ಧಿ ಕೆಟ್ಟು ಬಡಬಡಿಸಿದರೆ ಸನ್ನಿ. ಎರಡೂ ಜೀವಕ್ಕೆ ಎರವಾಗುವಂಥವು. ಆದುದರಿಂದಲೇ ಹೆಸರಿಟ್ಟು ಹೆದರಿದರು. ನಡುವೆ ಇರುವ ಅಳು, ಮಗುವಿಗೆ ಏನಾದೀತೋ ಎಂಬ ಭಯ, ಮಗುವನ್ನೆತ್ತಿಕೊಳ್ಳಲೂ ಬೇಡವೆನಿಸುವ ಬೇಸರ, ಇವಕ್ಕೆ ಮನೆಮಾತಿನಲ್ಲಿ ಹೆಸರಿಲ್ಲ. ಹೆಸರಿಲ್ಲದ್ದು ಕಾಯಿಲೆಯ ಲೆಕ್ಕಕ್ಕೆ ಬಾರದು. ಹೆರಿಗೆಯ ಬೆನ್ನಿಗೇ ಬರುವ ಅಳು ಎರಡು ವಾರದೊಳಗೆ ತಾನಾಗಿ ಅಡಗುವುದುಂಟು. ಅಡಗದಿದ್ದರೆ ಖಿನ್ನತೆಯೆಂದು ಶಂಕಿಸಬೇಕು. ಸನ್ನಿ ಬರುವುದು ಸಾವಿರಕ್ಕೆ ಒಬ್ಬಿಬ್ಬರಿಗೆ. ಖಿನ್ನತೆಯೋ, ಭಾರತದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಲೆಕ್ಕದಂತೆ, ನೂರಕ್ಕೆ 22 ಮಂದಿಗೆ. ಮಾಯದ ನೋವೂ ನಿದ್ದೆಗೇಡೂ ಅದಕ್ಕೆ ದಾರಿಮಾಡಿಕೊಡುತ್ತವೆ.

ಬಾಣಂತನವನ್ನು ಕಂದಾಚಾರವೆಂದು ಹಳಿಯುವವರ ಗುಂಪಿಗೆ ನಾನು ಸೇರಿದವಳಲ್ಲ. ಬೀಡಿ ಸುತ್ತುವ, ರಬ್ಬರು ಮರ ಗೀರುವ ಹೆಂಗಸಿಗೆ ನಲವತ್ತು ದಿನ ಬೆನ್ನು ಚಾಚಲು ಅವಕಾಶ ಕೊಟ್ಟದ್ದು ಈ ಪದ್ಧತಿಯೇ. ಆದರೆ ಅದು ನಡೆಯುತ್ತಿದ್ದುದು ಅತ್ತಿಗೆ, ಚಿಕ್ಕಮ್ಮ, ದೊಡ್ಡಮ್ಮಂದಿರ ಹತ್ತಾರು ಕೈಗಳಿಂದ. ಮಕ್ಕಳೆಲ್ಲ ಬೆಂಗಳೂರು ಸೇರಿ ತಾಯಿಯೊಬ್ಬಳೇ ಉಳಿದ ಮನೆಗಳಲ್ಲಿ ಇಂದು ಪಥ್ಯದ ಕಟ್ಟುಪಾಡುಗಳಿವೆ, ನಡುರಾತ್ರಿ ಮಗುವನ್ನೆತ್ತಿಕೊಳ್ಳಲು ಇನ್ನೊಬ್ಬರಿಲ್ಲ. ಗಂಡನಿಗೇಕೆ ಆ ಕೆಲಸವೊಪ್ಪಿಸಬಾರದೆಂದು ಕೇಳಿದರೆ ನಗುತ್ತಾರೆ.

ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 42 ದಿನಗಳೊಳಗೆ ಆಶಾ ಕಾರ್ಯಕರ್ತೆ ಆರು ಬಾರಿ ಬರಬೇಕೆಂಬ ನಿಯಮವಿದೆ. ಆ ಭೇಟಿಗಳ ಹೆಸರೇ ನವಜಾತ ಶಿಶುವಿನ ಆರೈಕೆ. ಮಗುವಿನ ತೂಕ ನೋಡುತ್ತಾರೆ. ತಾಯಿಯ ಜ್ವರ, ರಕ್ತಸ್ರಾವಗಳನ್ನೂ ವಿಚಾರಿಸುತ್ತಾರೆ. ಮನಸ್ಸನ್ನು ವಿಚಾರಿಸಲು 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದವರು ಪ್ರಕಟಿಸಿದ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಅದು ಕನ್ನಡಕ್ಕೂ ಬಂದಿದೆ. ಐದು ನಿಮಿಷದ ಕೆಲಸ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿಮಗುವನ್ನು ಅಗಲಿಸದೆ ಜೊತೆಗಿರಿಸಿ ಚಿಕಿತ್ಸೆ ಮಾಡುವ ವಿಭಾಗ 2009ರಲ್ಲಿ ಆರಂಭವಾಯಿತು. ಆದರೆ ಘಟ್ಟ ಹತ್ತಿ ಅಷ್ಟು ದೂರ ಹೋಗಬೇಕಾದವರು ಕೆಲವರೇ. ಉಳಿದವರಿಗೆ, ಆರು ಭೇಟಿಗಳಲ್ಲಿ ಎರಡರಲ್ಲಾದರೂ ಆ ಪ್ರಶ್ನೆಗಳನ್ನು ಕೇಳಿ, ಅಗತ್ಯವಿದ್ದವರನ್ನು ಸುಳ್ಯದ ವೈದ್ಯರಲ್ಲಿಗೆ ಕಳುಹಿಸುವ ಏರ್ಪಾಡಾಗಬೇಕು. ಕೇಳುವ ಹೊತ್ತಿಗೆ ಅಮ್ಮ, ಅತ್ತೆ, ಅಜ್ಜಿಯರು ಕೋಣೆಯಿಂದ ಹೊರಗಿರಬೇಕು. ಇಲ್ಲವಾದರೆ ಹತ್ತಕ್ಕೂ ದೊರೆಯುವ ಉತ್ತರ “ಏನೂ ಇಲ್ಲ” ಎಂಬುದೊಂದೇ.