ಉಪಭೋಗವು ಭೋಗವಾದ ಬಗೆ

2024ನೆಯ ಇಸವಿಯ ಸೆಪ್ಟೆಂಬರ್ 9, ದಶಲಕ್ಷಣ ಪರ್ವದ ಎರಡನೆಯ ದಿನ. ಬಸದಿಗಳಲ್ಲಿ ಉತ್ತಮ ಮಾರ್ದವ ಧರ್ಮದ ಚಿಂತನೆ ನಡೆಯುವ ದಿನ, ಎಂದರೆ ಅಹಂಕಾರವನ್ನು ಕರಗಿಸಿ ಮೃದುವಾಗಬೇಕೆಂದು ಶ್ರಾವಕನಿಗೆ ನೆನಪಿಸುವ ದಿನ. ಅದೇ ರಾತ್ರಿ ಅಮೆರಿಕದ ಆಪಲ್ ಸಂಸ್ಥೆಯು ಐಫೋನ್ 16 ಎಂಬ ತನ್ನ ಹೊಸ ಮೊಬೈಲನ್ನು ಕಪ್ಪು, ಬಿಳಿ, ಗುಲಾಬಿ, ಹಸಿರುನೀಲಿ, ಕಡುನೀಲಿ ಎಂಬ ಐದು ಬಣ್ಣಗಳಲ್ಲಿ ಲೋಕಕ್ಕೆ ತೋರಿಸಿತು. ಹಗಲು ಮಾರ್ದವವನ್ನು ಕೇಳಿದ ಮನೆಗಳಲ್ಲಿ ಇರುಳು ಯಾವ ಬಣ್ಣ ಒಪ್ಪುವುದೆಂಬ ಚರ್ಚೆ ನಡೆದಿದ್ದರೆ ಆಶ್ಚರ್ಯವಿಲ್ಲ. ಕೈಯಲ್ಲಿರುವ ಫೋನು ಕೆಟ್ಟಿದೆಯೇ ಎಂಬ ಪ್ರಶ್ನೆ ಮಾತ್ರ ಇಂತಹ ಚರ್ಚೆಯಲ್ಲಿ ಏಳುವುದೇ ಇಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನು ಬಳಸುವ ವಸ್ತುಗಳನ್ನು ಎರಡಾಗಿ ವಿಂಗಡಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಟ್ಟುಬಿಡತಕ್ಕದ್ದು ಭೋಗ. ಅನ್ನ ಅದಕ್ಕೆ ನಿದರ್ಶನ. ಅನುಭವಿಸಿದ ಮೇಲೂ ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ; ವಸ್ತ್ರ ಅದಕ್ಕೆ ನಿದರ್ಶನ. ಈ ಎರಡಕ್ಕೂ ಪರಿಮಾಣವನ್ನು ಗೊತ್ತುಮಾಡಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ಮೊಬೈಲ್ ಫೋನು, ಗಣಕಯಂತ್ರ, ಕೈಗಡಿಯಾರ, ಇವೆಲ್ಲ ನಿಸ್ಸಂದೇಹವಾಗಿ ಉಪಭೋಗದ ವಸ್ತುಗಳು. ಆದರೆ ಇಂದಿನ ವ್ಯಾಪಾರವು ಅವುಗಳನ್ನು ಭೋಗದ ವಸ್ತುಗಳಾಗಿ ಮಾರ್ಪಡಿಸಿದೆ. ಊಟದ ಎಲೆಯಂತೆ ಅವು ಎಸೆಯಲ್ಪಡುತ್ತಿವೆ. ಈ ಮಾರ್ಪಾಟಿಗೆ ವ್ಯಾಪಾರವು ಹಿಡಿದ ಅತ್ಯಂತ ಅಗ್ಗದ ಉಪಾಯವೆಂದರೆ ಬಣ್ಣ.

ಈ ಉಪಾಯ ಹೊಸದೇನೂ ಅಲ್ಲ. ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣವೊಂದರಲ್ಲಿಯೇ ತಯಾರಾಗುತ್ತಿತ್ತು. 1920ರ ದಶಕದಲ್ಲಿ ಆಲ್ಫ್ರೆಡ್ ಸ್ಲೋನರ ನಾಯಕತ್ವದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಬಗೆಬಗೆಯ ಬಣ್ಣಗಳನ್ನೂ ವರ್ಷಕ್ಕೊಂದು ಹೊಸ ಮಾದರಿಯನ್ನೂ ತಂದು, ಓಡುತ್ತಿರುವ ಕಾರಿನ ಒಡೆಯನಿಗೇ ಅದರ ಬಗ್ಗೆ ಅತೃಪ್ತಿ ಹುಟ್ಟುವಂತೆ ಮಾಡಿತು. ಅದೇ ಪಾಠವನ್ನು ಗಣಕಯಂತ್ರದ ವ್ಯಾಪಾರ ಕಲಿತುಕೊಂಡಿತು. 1998ರಲ್ಲಿ ನೀಲಿಹಸಿರು ಬಣ್ಣದಲ್ಲಿ ಬಂದ ಐಮ್ಯಾಕ್, 1999ರ ಜನವರಿಯಲ್ಲಿ ಹಣ್ಣುಗಳ ಹೆಸರುಳ್ಳ ಐದು ಬಣ್ಣಗಳನ್ನು ತೊಟ್ಟಿತು. ಮುಂದೆ 2020ರ ಅಕ್ಟೋಬರಿನಲ್ಲಿ ಪ್ರಕಟವಾದ ಐಫೋನ್ 12, ಆರು ತಿಂಗಳಾದ ಮೇಲೆ, 2021ರ ಏಪ್ರಿಲಿನಲ್ಲಿ, ನೇರಳೆ ಬಣ್ಣದಲ್ಲಿ ಮತ್ತೊಮ್ಮೆ ಪ್ರಕಟವಾಯಿತು. 2023ರ ಮಾರ್ಚಿನಲ್ಲಿ ಐಫೋನ್ 14 ಹಳದಿಯಾಗಿ ಬಂದಿತು. ಒಳಗಿನ ಯಂತ್ರ ಅದೇ. ಬದಲಾದದ್ದು ಹೊರಮೈ ಮಾತ್ರ. ಆದರೂ ಅದು ಸುದ್ದಿಯಾಯಿತು.

ಬಣ್ಣ ಬೇಕೆನ್ನುವವನಿಗೆ ಬೇರೆ ದಾರಿಯೂ ಇತ್ತು. 1998ರ ನೋಕಿಯಾ 5110 ಫೋನಿಗೆ ಮುಂಭಾಗದ ಹೊದಿಕೆಯನ್ನು ಮಾತ್ರ ತೆಗೆದು ಬೇರೆ ಬಣ್ಣದ್ದನ್ನು ತೊಡಿಸಬಹುದಾಗಿತ್ತು. ಅದರ ಬ್ಯಾಟರಿಯನ್ನು ಮಗುವೂ ಬಿಚ್ಚಬಹುದಾಗಿತ್ತು. ಚಪಲಕ್ಕೆ ಹೊದಿಕೆ ಸಾಕಾಗುತ್ತಿತ್ತು, ಯಂತ್ರ ಉಳಿಯುತ್ತಿತ್ತು. ಇಂದು ಬ್ಯಾಟರಿಯನ್ನು ಅಂಟಿನಿಂದ ಒಳಗೆ ಕೂಡಿಸಿ ಮುಚ್ಚಿರುತ್ತಾರೆ. 2016ರಲ್ಲಿ ಐಫೋನ್ 7ರಿಂದ ಕಿವಿಯಂತ್ರದ ತೂತು ಮಾಯವಾಯಿತು. ಮನೆಯಲ್ಲಿದ್ದ ತಂತಿಯುಳ್ಳ ಕಿವಿಯಂತ್ರಗಳಿಗೆ ಮತ್ತೊಂದು ಕೊಂಡಿ ಬೇಕಾಯಿತು. ಹಳೆಯ ಬ್ಯಾಟರಿಯುಳ್ಳ ಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸಿದ್ದನ್ನು ಅದೇ ಸಂಸ್ಥೆ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಹಠಾತ್ತನೆ ನಿಂತುಹೋಗದಿರಲೆಂದು ಹಾಗೆ ಮಾಡಿದ್ದಾಗಿ ಅದು ಹೇಳಿತು. ಬಳಕೆದಾರರಿಗೆ ಅದನ್ನು ತಿಳಿಸದೆ ಇದ್ದುದಕ್ಕಾಗಿ ಫ್ರಾನ್ಸ್ ದೇಶವು 2020ರಲ್ಲಿ 2.5 ಕೋಟಿ ಯೂರೋ ದಂಡವನ್ನು ವಿಧಿಸಿತು. ಬ್ಯಾಟರಿಯೊಂದನ್ನು ಬದಲಿಸಿದರೆ ಸಾಕೆಂಬುದನ್ನು ಅರಿಯದೆ ಫೋನನ್ನೇ ಬದಲಿಸಿದವರಿಗೆ ಆ ದಂಡದಿಂದ ಏನು ದೊರೆಯಿತು?

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಿತ್ಯ ಬಳಕೆಯಲ್ಲಿ ಜನರನ್ನು ಕಾಡುವುದು ಬಣ್ಣವಲ್ಲ. ಸಂಜೆಯೊಳಗೆ ಬರಿದಾಗುವ ಬ್ಯಾಟರಿ, ಬಿದ್ದೊಡನೆ ಬಿರಿಯುವ ಗಾಜು, ಹೊಸ ತಂತ್ರಾಂಶ ಬಂದೊಡನೆ ತಡವರಿಸುವ ಹಳೆಯ ಯಂತ್ರ, ಒಂದಕ್ಕೆ ಕೂಡುವುದು ಇನ್ನೊಂದಕ್ಕೆ ಕೂಡದ ಚಾರ್ಜರು, ಇವು ಜನರ ದೂರುಗಳು. ದೂರಿರುವಲ್ಲಿ ಪರಿಹಾರವನ್ನು ಕೊಡದೆ, ದೂರಿಲ್ಲದ ಬಣ್ಣದಲ್ಲಿ ಹೊಸತನವನ್ನು ಕೊಡುವುದು ಯಾವ ನೀತಿ? ಚಾರ್ಜರಿನ ತೊಡಕನ್ನು ಬಿಡಿಸಲು ಯುರೋಪಿನ ಒಕ್ಕೂಟವು ಕಾನೂನನ್ನೇ ಮಾಡಬೇಕಾಯಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರಾಟವಾಗುವ ಹೊಸ ಫೋನುಗಳಿಗೆಲ್ಲ ಒಂದೇ ಬಗೆಯ ಚಾರ್ಜಿಂಗ್ ಕಿಂಡಿ ಕಡ್ಡಾಯವಾಗಿದೆ.

ಬಣ್ಣವು ನಿರಪಾಯವಾದ ಸಂತೋಷ, ಅದರಲ್ಲಿ ಪಾಪವೇನೆಂದು ಕೆಲವರು ಕೇಳುತ್ತಾರೆ. ಜೈನಧರ್ಮ ಬಣ್ಣದ ವೈರಿಯಲ್ಲ. ಮೂಡುಬಿದಿರೆಯಲ್ಲಿ ಉಳಿದುಬಂದ ಧವಲಾ ಗ್ರಂಥದ ತಾಡಪತ್ರಗಳಲ್ಲಿ 12ನೆಯ ಶತಮಾನದ ವರ್ಣಚಿತ್ರಗಳಿವೆ. ಆ ಬಣ್ಣ ಗ್ರಂಥವನ್ನು ಕಾಪಾಡುವ ಭಕ್ತಿಯನ್ನು ಹೆಚ್ಚಿಸಿತು. ಈ ಬಣ್ಣ ಚೆನ್ನಾಗಿರುವ ವಸ್ತುವನ್ನು ಎಸೆಯುವ ಚಪಲವನ್ನು ಹೆಚ್ಚಿಸುತ್ತದೆ. ಭೇದವಿರುವುದು ಬಣ್ಣದಲ್ಲಲ್ಲ, ಭಾವದಲ್ಲಿ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ವಸ್ತುವಿನ ಮೇಲಣ ಮೂರ್ಛೆಯಲ್ಲಿ ಕಂಡುದು ಇದೇ ಕಾರಣದಿಂದ.

ನಿರಪಾಯವೆಂಬ ಮಾತೂ ನಿಲ್ಲುವುದಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯಂತೆ, 2022ರಲ್ಲಿ ಲೋಕವು ಎಸೆದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳ ತೂಕ 6.2 ಕೋಟಿ ಟನ್. ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದೆಂದು ದಾಖಲಾದುದು ಶೇಕಡಾ 22.3 ಮಾತ್ರ. ಉಳಿದುದರಲ್ಲಿ ಎಷ್ಟೋ ಭಾಗ ಬಡವರ ಕೇರಿಗಳಲ್ಲಿ ಬೆಂಕಿಗೆ ಬಿದ್ದು, ಆಮ್ಲದಲ್ಲಿ ಅದ್ದಲ್ಪಟ್ಟು, ದುಡಿಯುವವರ ಉಸಿರನ್ನೂ ನೆಲದ ನೀರನ್ನೂ ಕೆಡಿಸುತ್ತದೆ. ಇತ್ತ ಹೊಸ ಬ್ಯಾಟರಿಯ ಕೋಬಾಲ್ಟಿಗಾಗಿ ಆಫ್ರಿಕದ ಕಾಂಗೋ ದೇಶದ ನೆಲವನ್ನು ಅಗೆಯುತ್ತಲೇ ಇದ್ದಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಇವನ್ನು ಶ್ರಾವಕಾಚಾರವು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದೆ. ಕೆಲಸಕ್ಕೆ ಫೋನು ಬೇಕು, ಅದು ಅರ್ಥ. ಕೆಡದ ಫೋನಿನ ಬದಲಿಗೆ ಬೇರೆ ಬಣ್ಣದ ಫೋನು ಬೇಕೆಂಬುದು ಶುದ್ಧ ಅನರ್ಥ.

ಬಣ್ಣದ ವಿಚಾರದಲ್ಲಿ ಜೈನಶಾಸ್ತ್ರಕ್ಕೆ ತನ್ನದೇ ಆದ ಸಿದ್ಧಾಂತವಿದೆ, ಅದೇ ಲೇಶ್ಯೆ. ಶ್ರವಣಬೆಳಗೊಳದ ಜೈನಮಠದ ಭಿತ್ತಿಯ ಮೇಲೂ ಚಿತ್ರಿತವಾಗಿರುವ ಆ ಕಥೆ ಮಕ್ಕಳಿಗೂ ಗೊತ್ತು. ಹಸಿದ ಆರು ಜನ ಹಣ್ಣಿನ ಮರವೊಂದನ್ನು ಕಂಡರು. ಕೃಷ್ಣಲೇಶ್ಯೆಯವನು ಮರವನ್ನು ಬುಡಸಹಿತ ಕೆಡಹುವೆನೆಂದನು. ಶುಕ್ಲಲೇಶ್ಯೆಯವನು ತಾನಾಗಿ ಉದುರಿದ ಹಣ್ಣನ್ನು ಆರಿಸಿಕೊಂಡನು. ಬ್ಯಾಟರಿಯ ಬಲ ಕುಂದಿತೆಂದು ಇಡೀ ಫೋನನ್ನು ಎಸೆಯುವವನಿಗೂ ಮರವನ್ನು ಕೆಡಹಹೊರಟವನಿಗೂ ಭೇದವೇನು? ಇನ್ನು ಏನೂ ಕೆಡದಿದ್ದರೂ ಬಣ್ಣ ಹಳೆಯದಾಯಿತೆಂದು ಎಸೆಯುವವನಿಗೆ ಆ ಆರು ಜನರಲ್ಲಿ ಸ್ಥಾನವೇ ಇಲ್ಲ. ಅವರೆಲ್ಲರಿಗೂ ಹಸಿವಾದರೂ ಇತ್ತು.

ದೋಷವನ್ನೆಲ್ಲ ಅಮೆರಿಕದ ತಲೆಗೆ ಕಟ್ಟುವುದು ಸುಲಭ. ಆದರೆ ಮೊಬೈಲ್ ಮಾರುವ ಅಂಗಡಿಗಳಲ್ಲಿ ಜೈನರ ಅಂಗಡಿಗಳು ಕಡಿಮೆಯಿಲ್ಲ. ಬ್ಯಾಟರಿ ಬದಲಿಸಿದರೆ ಫೋನು ಇನ್ನೆರಡು ವರ್ಷ ಬಾಳುವುದೆಂದು ತಿಳಿದಿದ್ದೂ ಗಿರಾಕಿಗೆ ಹೊಸ ಬಣ್ಣವನ್ನು ತೋರಿಸುವ ವ್ಯಾಪಾರಿಯನ್ನು ಯಾವ ನ್ಯಾಯಾಲಯವೂ ಶಿಕ್ಷಿಸದು. ಆದರೆ ಅಸಲಿನಂತೆ ತೋರುವುದನ್ನು ಅಸಲೆಂದು ದಾಟಿಸುವ ಪ್ರತಿರೂಪಕ ವ್ಯವಹಾರವನ್ನು ಅಚೌರ್ಯ ವ್ರತದ ಅತಿಚಾರವೆಂದ ಶಾಸ್ತ್ರವನ್ನು ಅವನು ಬಸದಿಯಲ್ಲಿ ಕೇಳಿದ್ದಾನೆ. ಹೊಸತನದಂತೆ ತೋರುವುದನ್ನು ಹೊಸತೆಂದು ದಾಟಿಸುವಾಗ ತಾನು ಅದರಿಂದ ಎಷ್ಟು ದೂರವಿದ್ದೇನೆಂದು ಅವನೇ ಅಳೆದುಕೊಳ್ಳಬೇಕು. ಹಾಗೆ ಮಾಡಿದರೆ ಅಂಗಡಿ ಮುಚ್ಚಬೇಕಾದೀತೆಂಬ ಭಯ ಬೇಡ. ರಿಪೇರಿಯೂ ವ್ಯಾಪಾರವೇ. ನಿಜ ಹೇಳುವ ಅಂಗಡಿಗೆ ಗಿರಾಕಿ ಮರಳಿ ಬರುತ್ತಾನೆ. ಬಣ್ಣ ಮಾಸಿದ ದಾಸ್ತಾನಿಗಿಂತ ಆ ವಿಶ್ವಾಸದ ಬೆಲೆ ಹೆಚ್ಚೆಂಬುದನ್ನು ಹಿರಿಯ ವ್ಯಾಪಾರಿಗಳು ಬಲ್ಲರು.

ಸಮಂತಭದ್ರರು ಜೀವನಪರ್ಯಂತದ ಯಮವನ್ನು ಹೇಳಿದಂತೆಯೇ ಕಾಲಮಿತಿಯ ನಿಯಮವನ್ನೂ ಹೇಳಿದ್ದಾರೆ. ಎಲ್ಲವನ್ನೂ ಒಮ್ಮೆಗೇ ಬಿಡಬೇಕಾಗಿಲ್ಲ. ಮುಂದಿನ ದಶಲಕ್ಷಣ ಪರ್ವದಲ್ಲಿ ಪ್ರತಿಯೊಂದು ಮನೆಯೂ ಇಂತಹ ನಿಯಮವೊಂದನ್ನು ಸ್ವೀಕರಿಸಲಿ: ಮನೆಯಲ್ಲಿ ಇಷ್ಟೇ ಯಂತ್ರಗಳು, ದುರಸ್ತಿಯಾಗುವುದನ್ನು ದುರಸ್ತಿ ಮಾಡಿಸದೆ ಬದಲಿಸುವುದಿಲ್ಲ, ಬಣ್ಣಕ್ಕಾಗಿ ಯಾವುದನ್ನೂ ಕೊಳ್ಳುವುದಿಲ್ಲ. ಫೋನಿನ ಬಣ್ಣವು ವರ್ಷದೊಳಗೆ ಹಳೆಯದಾಗುತ್ತದೆ. ಅದಕ್ಕಾಗಿ ಆತ್ಮಕ್ಕೆ ಹತ್ತಿದ ಬಣ್ಣವು ಅಷ್ಟು ಬೇಗ ಬಿಡುವುದಿಲ್ಲ.