ಕಂಠಕ್ಕೆ ಕಡ್ಡಾಯ ಪರವಾನಗಿ ಬೇಡ

ಎಐ ತರಬೇತಿಗೆ ಕೇಂದ್ರದ ಕೈಗಾರಿಕಾ ಇಲಾಖೆ ಡಿಪಿಐಐಟಿ 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟ ಕಡ್ಡಾಯ ಪರವಾನಗಿ ಸೂತ್ರದಿಂದ ಸ್ವತಂತ್ರ ಸಂಗೀತಗಾರರಿಗೆ ದಕ್ಕುವುದು ಅಷ್ಟಕ್ಕಷ್ಟೆ. ಕಂಪನಿಗಳು ವರಮಾನದಲ್ಲೊಂದು ಪಾಲು ಕಟ್ಟುತ್ತವೆ, ಕೇಂದ್ರೀಯ ಸಂಸ್ಥೆಯೊಂದು ಹಂಚುತ್ತದೆ. ‘ಕೊಡುವುದಿಲ್ಲ’ ಎನ್ನುವ ಹಕ್ಕು ಮಾತ್ರ ಹಾಡಿನವರಿಗಿಲ್ಲ. ಇದನ್ನು ಮಧ್ಯಮ ಮಾರ್ಗವೆಂದು ಹೊಗಳುವವರು ಅಮೆರಿಕದ ಮೊಕದ್ದಮೆ, ಯುರೋಪಿನ ಕಾಯ್ದೆ ಎಂದೆಲ್ಲ ಹೇಳುತ್ತಾರೆ. ಜಪಾನಿನ ಸಪ್ಪೊರೊ ಯಾರಿಗೂ ನೆನಪಾಗುವುದಿಲ್ಲ.

ಅಲ್ಲಿನ ಕ್ರಿಪ್ಟನ್ ಫ್ಯೂಚರ್ ಮೀಡಿಯಾ 2007ರ ಆಗಸ್ಟ್ 31ರಂದು ‘ಹತ್ಸುನೆ ಮಿಕು’ ಹಾಡುವ ತಂತ್ರಾಂಶವನ್ನು ಮಾರಾಟಕ್ಕಿಟ್ಟಿತು. ಬೆಲೆ 15,750 ಯೆನ್. ಎಲ್ಲರೂ ದಾಟಿ ಹೋಗುವ ಅಂಕಿ ಇದೇ. ಯಮಹಾದ ವೊಕಲಾಯ್ಡ್ ಎಂಜಿನ್ನು, ನಟಿ ಸಾಕಿ ಫುಜಿತಾ ಒಪ್ಪಿ ಕೊಟ್ಟ ಧ್ವನಿ, ಎರಡೂ ಆ ಬೆಲೆಯೊಳಗೆ. ವೃತ್ತಿಪರ ಗಾಯಕರು ತಮ್ಮ ಕಂಠದ ನಕಲು ಹುಟ್ಟೀತೆಂದು ಹಿಂಜರಿದಿದ್ದರು. ಕಂಪನಿ ಅವರ ಹಳೆಯ ರೆಕಾರ್ಡುಗಳನ್ನು ಬಾಚಿಕೊಳ್ಳಲು ಹೋಗಲಿಲ್ಲ, ಒಪ್ಪುವವರನ್ನು ಹುಡುಕಿತು. ಒಮ್ಮೆ ದುಡ್ಡು ಕೊಟ್ಟವರು ಮಲಗುವ ಕೋಣೆಯಲ್ಲೇ ಕೂತು ಹಾಡು ಕಟ್ಟಿ ಮಾರಬಹುದಿತ್ತು, ಸಾಹಿತ್ಯವೂ ಮಟ್ಟೂ ಅವರದೇ. ಮಿಕುವಿನ ಚಿತ್ರಕ್ಕಷ್ಟೇ ಬೇರೆ ನಿಯಮ. ಗಾಯಕ ಕೆನ್ಶಿ ಯೊನೆಝು ‘ಹಚಿ’ ಎಂಬ ಹೆಸರಿನಲ್ಲಿ ಹೆಸರು ಮಾಡಿದ್ದು ಹೀಗೆ. ಯೊಅಸೊಬಿ ಜೋಡಿಯ ಅಯಾಸೆ ಬಂದದ್ದೂ ಇದೇ ದಾರಿಯಲ್ಲಿ.

ಹಂಚುವ ಸಂಸ್ಥೆಗಳ ಮೇಲೆ ಭರವಸೆಯಿಟ್ಟವರು 2007ರ ಡಿಸೆಂಬರನ್ನೂ ನೋಡಲಿ. ಡ್ವಾಂಗೊ ಕಂಪನಿಯ ಅಂಗಸಂಸ್ಥೆಯೊಂದು ಜನಪ್ರಿಯ ಮಿಕು ಹಾಡನ್ನು ಜಪಾನಿನ ಸಂಗೀತ ಹಕ್ಕುಗಳ ಸಂಸ್ಥೆ ಜಸ್ರಾಕ್‌ನಲ್ಲಿ ನೋಂದಾಯಿಸುವಾಗ ಕಲಾವಿದರ ಹೆಸರಿನ ಜಾಗದಲ್ಲಿ ಮಿಕುವನ್ನೇ ಬರೆಸಿತು. ಕ್ರಿಪ್ಟನ್ ಬಹಿರಂಗವಾಗಿಯೇ ತಕರಾರು ತೆಗೆಯಿತು. ಒಂದೇ ಹಾಡಿನ ದಾಖಲೆಗೆ ಇಷ್ಟು ರಂಪ! ನಮ್ಮಲ್ಲಿ ಲಕ್ಷಾಂತರ ಹಾಡುಗಳ ಪಾಲನ್ನು ಒಂದು ಕಚೇರಿ ಹಂಚಲಿದೆಯಂತೆ. ಕೃತಿಸ್ವಾಮ್ಯ ಸಂಘಗಳ ಹೊರಗಿರುವವರು ಪಾಲು ಬೇಕಿದ್ದರೆ ಮೊದಲು ಹೆಸರು ಬರೆಸಬೇಕು.

ಮಿಕು ಹಳೆಯ ಕಾಲದ ಆಟಿಕೆ, ಧ್ವನಿಯ ತುಣುಕು ಪೋಣಿಸುವ ತಂತ್ರ ಎನ್ನುವವರಿದ್ದಾರೆ. ಇರಬಹುದು. ಆದರೆ ಇಂದಿನ ಸಿಂಥಸೈಜರ್ ವಿ ಎಂಬ ತಂತ್ರಾಂಶ ನರಜಾಲದಿಂದಲೇ ಹಾಡುತ್ತದೆ. ಅದರ ಧ್ವನಿಗಳೂ ಧ್ವನಿ ಕೊಟ್ಟವರ ಒಪ್ಪಿಗೆಯ ಮೇಲೇ ನಿಂತಿವೆ. ತಂತ್ರ ಬದಲಾದರೂ ಕರಾರು ಬದಲಾಗಬೇಕಾಗಿ ಬರಲಿಲ್ಲ.

ನಮ್ಮ ಕಾನೂನಿನ ತೂತು ಬೇರೆಡೆ ಇದೆ. ಕೃತಿಸ್ವಾಮ್ಯ ಕಾಯ್ದೆ ಗಾಯನವನ್ನು ಕಾಯುತ್ತದೆ, ಕಂಠದ ಬನಿಯನ್ನು ಕಾಯುವುದಿಲ್ಲ. ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಚಿತ್ರಕ್ಕೆ ತೀರಿಕೊಂಡ ಇಬ್ಬರು ಗಾಯಕರ ಧ್ವನಿ ಬಳಸುವಾಗ ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟರು. ಅದು ಅವರ ದೊಡ್ಡತನ. 2024ರಲ್ಲಿ ಅರಿಜಿತ್ ಸಿಂಗ್ ತಮ್ಮ ಧ್ವನಿಯ ನಕಲು ತಡೆಯಲು ಬಾಂಬೆ ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ಧಾರವಾಡದಲ್ಲಿ ಸ್ವಂತ ಹಾಡು ಕಟ್ಟುವ ಹುಡುಗಿ ವಕೀಲರ ಫೀಸು ಎಲ್ಲಿಂದ ತಂದಾಳು?

ಕಡ್ಡಾಯ ಪರವಾನಗಿ ಹಾಡುವವರ ಕಂಠಕ್ಕೆ ಅನ್ವಯಿಸದು, ಅದಕ್ಕೆ ಲಿಖಿತ ಒಪ್ಪಿಗೆಯೇ ಬೇಕು ಎಂಬ ಒಂದು ವಾಕ್ಯವನ್ನು ಇಲಾಖೆ ಸೇರಿಸಲಿ. ಸಾಹಿತ್ಯ, ಮಟ್ಟುಗಳ ಪಾಲು ಶೇಕಡಾ ಎಷ್ಟೆಂದು ಆಮೇಲೆ ಜಗಳವಾಡೋಣ.